ಫೈರ್‌ಬ್ರಿಕ್ ಕತ್ತರಿಸಿದ ಕಥೆ

ಒಲೆಗೆ ಬಳಸುವ, ಬೆಂಕಿಯ ಕಾವು ತಡೆದುಕೊಳ್ಳುವ ಫೈರ್‌ಬ್ರಿಕ್ ಕತ್ತರಿಸಲು ಹೊರಟೆ. ಮೊದಲ ಮೂರು ಇಟ್ಟಿಗೆ ಉಳಿ-ಸುತ್ತಿಗೆಯ ಏಟಿಗೇ ಚೂರಾದವು. ಅಡ್ಡಡ್ಡ ಸೀಳಿ, ಮೂಲೆ ಮುರಿದು, ಒಂದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಆಂಗಲ್ ಗ್ರೈಂಡರ್‌ಗೆ (ಕೈಯಲ್ಲಿ ಹಿಡಿದು ಕತ್ತರಿಸುವ ಕರೆಂಟಿನ ಯಂತ್ರ) ಅಂಚಿನಲ್ಲಿ ಸೀಳುಗಳಿಲ್ಲದ, ಸುತ್ತಲೂ ಒಂದೇ ಸಮನಾದ ಡೈಮಂಡ್ ಬ್ಲೇಡ್ ಹಾಕಿದೆ. ನಾಲ್ಕೂ ಮುಖಕ್ಕೆ ಮೂಲೆಮಟ್ಟದಿಂದ ಗೆರೆ ಎಳೆದು, ಒಂದೇ ಸಲ ಒತ್ತದೆ ಸ್ವಲ್ಪಸ್ವಲ್ಪವಾಗಿ ಸುಮಾರು 15 ಮಿ.ಮೀ. ಆಳ ಕೊರೆದೆ. ಆಮೇಲೆ ಇಟ್ಟಿಗೆಯನ್ನು ಮರಳಿನ ಮೇಲಿಟ್ಟು ಅಗಲ ಉಳಿಯಿಂದ ಮೆಲ್ಲಗೆ ತಟ್ಟಿದರೆ ಸಾಕು, ಗೆರೆ ಹಿಡಿದೇ ಬಿರಿಯಿತು.

ಧೂಳು ಮಾತ್ರ ಭಯಂಕರ. ಅದರಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ, ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಎನ್95 ಮಾಸ್ಕ್, ಕನ್ನಡಕ ಬೇಕೇ ಬೇಕು, ಕೆಲಸ ಬಯಲಲ್ಲೇ ಆಗಬೇಕು. ಇಟ್ಟಿಗೆ ನೆನೆಸಿಟ್ಟರೆ ಧೂಳು ಕಮ್ಮಿ. ಆದರೆ ಓಡುವ ಗ್ರೈಂಡರ್‌ಗೆ ನೀರು ಸುರಿಯಬೇಡಿ, ಶಾಕ್ ಹೊಡೆಯುತ್ತದೆ. ನೆನೆದದ್ದನ್ನು ಒಲೆಗೆ ಹಾಕುವ ಮೊದಲು ಪೂರ್ತಿ ಒಣಗಿಸಿ, ಇಲ್ಲವಾದರೆ ಒಳಗಿನ ಹಬೆಗೆ ಸಿಡಿಯಬಹುದು.

ಹಗುರವಾದ ಇನ್ಸುಲೇಟಿಂಗ್ (ಶಾಖ ಹೊರಹೋಗದಂತೆ ತಡೆಯುವ) ಇಟ್ಟಿಗೆಗೆ ಗ್ರೈಂಡರ್‌ನ ರಾಮಾಯಣ ಬೇಡ. ಹಳೇ ಗರಗಸ ಸಾಕು, ಅದರ ಹಲ್ಲು ಸವೆಯುತ್ತದೆ ಅಷ್ಟೇ.