ಇಂಗ್ಲಿಷಿನ ಆ್ಯಂಡ್, ಬಟ್: ಎರಡೂ ಕಡೆ ಯಾವ ಪದ ಹೂಡಬೇಕು?

ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳು ಒಂದು ಹಾಳೆ ಹಿಡಿದುಕೊಂಡು ಬಂದಿದ್ದಳು. ಹುಬ್ಬಳ್ಳಿಯಲ್ಲಿ ಕೆಲಸದ ಇಂಟರ್‌ವ್ಯೂ ಇತ್ತು. ತನ್ನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹೇಳಬೇಕಿತ್ತು. ‘ಕಾಕಾ, ಇದರಾಗ ಏನರ ತಪ್ಪೈತೇನ್ ನೋಡ್ರಿ’ ಅಂದಳು. ಮೊದಲ ಎರಡು ಸಾಲು ಹೀಗಿದ್ದವು: ‘ಐ ಆ್ಯಮ್ ಆನೆಸ್ಟ್ ಆ್ಯಂಡ್ ಪಂಕ್ಚುಯಲಿ. ಐ ವರ್ಕ್ ಸಿನ್ಸಿಯರ್ಲಿ ಆ್ಯಂಡ್ ಕ್ವಿಕ್.’

ಪದಗಳೆಲ್ಲ ಅವಳಿಗೆ ಗೊತ್ತಿವೆ. ಸ್ಪೆಲ್ಲಿಂಗ್ ಸರಿ ಇದೆ. ಎರಡೂ ಸಾಲಿನ ತಪ್ಪು ಒಂದೇ. ಇಂಥ ಒಂದು ಸಣ್ಣ ಎಡವಟ್ಟಿಗೆ ಯಾರೋ ನಕ್ಕರು ಅಂತ, ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಮಕ್ಕಳು ನನಗೆ ಇಂಗ್ಲಿಷ್ ಬರಲ್ಲ ಅಂತ ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಅದು ನನಗೆ ತುಂಬಾ ಬೇಜಾರು. ಅರ್ಧ ಗಂಟೆ ಕೂತರೆ ಸರಿಹೋಗುವ ವಿಷಯ ಇದು.

ಆ್ಯಂಡ್, ಬಟ್, ಆರ್ (or), ಯೆಟ್ ಇವೆಲ್ಲ ಕಂಜಂಕ್ಷನ್‌ಗಳು, ಅಂದರೆ ಎರಡು ಪದಗಳನ್ನು ಸೇರಿಸುವ ಕೊಂಡಿಗಳು. ಇವನ್ನು ನೊಗ ಅಂದುಕೊಳ್ಳಿ. ‘ಎತ್ತು ಏರಿಗೆ, ಕೋಣ ನೀರಿಗೆ’ ಅಂತೀವಲ್ಲ, ಅದೇ ಕಥೆ ಇಲ್ಲಿ. ನೊಗದ ಒಂದು ಕಡೆ ಅಡ್ಜೆಕ್ಟಿವ್ (ವಸ್ತು, ವ್ಯಕ್ತಿಯ ಗುಣ ಹೇಳುವ ಪದ) ಇದ್ದರೆ ಇನ್ನೊಂದು ಕಡೆಯೂ ಅಡ್ಜೆಕ್ಟಿವ್ ಬೇಕು. ಅಡ್ವರ್ಬ್ (ಕೆಲಸ ಹೇಗೆ ಆಯ್ತು ಅಂತ ಹೇಳುವ ಪದ) ಇದ್ದರೆ ಅಡ್ವರ್ಬೇ ಬೇಕು. ಆನೆಸ್ಟ್ ಅಡ್ಜೆಕ್ಟಿವ್, ಪಂಕ್ಚುಯಲಿ ಅಡ್ವರ್ಬ್. ಜೋಡಿ ಆಗಲ್ಲ.

ಪರೀಕ್ಷೆ ಮಾಡೋದು ಸುಲಭ, ಒಂದು ಬೆರಳು ಸಾಕು. ‘ಆ್ಯಂಡ್ ಪಂಕ್ಚುಯಲಿ’ ಮೇಲೆ ಬೆರಳಿಟ್ಟು ಓದಿ: ‘ಐ ಆ್ಯಮ್ ಆನೆಸ್ಟ್.’ ಸರಿ ಇದೆ. ಈಗ ‘ಆನೆಸ್ಟ್ ಆ್ಯಂಡ್’ ಮುಚ್ಚಿ ಓದಿ: ‘ಐ ಆ್ಯಮ್ ಪಂಕ್ಚುಯಲಿ.’ ಅಲ್ಲೇ ನಾಲಿಗೆ ತಡವರಿಸುತ್ತದೆ. ಎರಡು ಸಲ ಓದಿದಾಗ ಎರಡೂ ಸಲ ವಾಕ್ಯ ನಿಲ್ಲಬೇಕು.

ಆದರೆ ಎಷ್ಟೋ ಜನಕ್ಕೆ ಅಲ್ಲಿ ನಾಲಿಗೆ ತಡವರಿಸುವುದೇ ಇಲ್ಲ. ಅದಕ್ಕೆ ಕಾರಣ ನಮ್ಮ ಕನ್ನಡದಲ್ಲೇ ಇದೆ. ‘ಪೇಢಾ ಚೆನ್ನಾಗಿದೆ’ ಅಂತೀವಿ, ‘ಪೇಢಾ ಚೆನ್ನಾಗಿ ಮಾಡ್ತಾರೆ’ ಅಂತಲೂ ಅಂತೀವಿ. ಎರಡು ಕಡೆಯೂ ‘ಚೆನ್ನಾಗಿ’ ಇದೆ. ಇಂಗ್ಲಿಷಿಗೆ ಹೋದರೆ ಮೊದಲನೆಯದು ಗುಡ್, ಎರಡನೆಯದು ವೆಲ್. ನಮ್ಮ ‘ಆಗಿ’ ಒಂದೇ ಎರಡೂ ಕೆಲಸ ಮಾಡುತ್ತದೆ, ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಬೇರೆ ಪದ ಬೇಕು. ಹಾಗಾಗಿ ‘ಸಿಹಿಯಾಗಿದೆ’ ಅನ್ನೋದನ್ನು ‘ಟೇಸ್ಟ್ಸ್ ಸ್ವೀಟ್ಲಿ’ ಅಂತ ಬರೆದುಬಿಡ್ತೀವಿ. ‘ಟೇಸ್ಟ್ಸ್ ಸ್ವೀಟ್’ ಅಂದರೆ ಸಾಕು.

ಈಸ್, ಆ್ಯಮ್, ಆರ್, ವಾಸ್ ಬಂದರೆ, ಅಥವಾ ಲುಕ್ಸ್, ಟೇಸ್ಟ್ಸ್, ಸ್ಮೆಲ್ಸ್, ಫೀಲ್ಸ್ ಥರದ್ದು ಬಂದರೆ, ಅದರ ನಂತರ ಬರುವ ಜೋಡಿ ವಸ್ತು ಅಥವಾ ವ್ಯಕ್ತಿ ಹೇಗಿದೆ ಅಂತ ಹೇಳುತ್ತದೆ. ಅಲ್ಲಿ ಎರಡೂ ಅಡ್ಜೆಕ್ಟಿವ್. ಹಾಡು, ಓಡು, ಮಾತಾಡು, ಬರೆ ಅನ್ನೋ ಥರ ಕೆಲಸದ ಪದ ಇದ್ದರೆ ಜೋಡಿ ಆ ಕೆಲಸ ಹೇಗೆ ಆಯ್ತು ಅಂತ ಹೇಳುತ್ತದೆ. ಅಲ್ಲಿ ಎರಡೂ ಅಡ್ವರ್ಬ್. ‘ಈಸ್ ರನ್ನಿಂಗ್’ ಬಂದಾಗ ಈಸ್ ನೋಡಿ ಮೋಸ ಹೋಗಬೇಡಿ, ಅಲ್ಲಿ ಕೆಲಸ ಓಡೋದು.

ಗಂಗೂಬಾಯಿ ಹಾನಗಲ್ ಅವರನ್ನೇ ತಗೊಳ್ಳಿ. ಅವರ ದನಿ ಕೇಳಿದವರಿಗೆ ಗೊತ್ತು, ಎಂಥ ಗಟ್ಟಿ ದನಿ ಅದು. ದನಿಯ ಬಗ್ಗೆ ಹೇಳುವಾಗ ‘ಹರ್ ವಾಯ್ಸ್ ವಾಸ್ ಡೀಪ್ ಆ್ಯಂಡ್ ಪವರ್‌ಫುಲ್’. ಹಾಡಿದ ರೀತಿಯ ಬಗ್ಗೆ ಹೇಳುವಾಗ ‘ಶೀ ಸ್ಯಾಂಗ್ ಸ್ಲೋಲಿ ಆ್ಯಂಡ್ ಪವರ್‌ಫುಲಿ’. ಎರಡನ್ನೂ ಜೋರಾಗಿ ಹೇಳಿ ನೋಡಿ. ಒಂದು ದನಿಗೆ ಅಂಟಿಕೊಂಡಿದೆ, ಇನ್ನೊಂದು ಹಾಡಿಗೆ.

ಇಷ್ಟಾದ ಮೇಲೆ ಕೆಲವರು ‘ಲಿ’ ಬಾಲ ನೋಡಿ ಜೋಡಿ ಮಾಡೋಕೆ ಹೊರಡುತ್ತಾರೆ. ಮುಕ್ಕಾಲು ಪಾಲು ನಡೆಯುತ್ತದೆ, ಪೂರ್ತಿ ಅಲ್ಲ. ಫಾಸ್ಟ್, ಹಾರ್ಡ್, ಲೇಟ್, ಅರ್ಲಿ ಎರಡೂ ಕೆಲಸಕ್ಕೆ ಬರುವ ಪದಗಳು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಬಗ್ಗೆ ‘ದಿ ಚಿಗರಿ ಬಸ್ ರನ್ಸ್ ಫಾಸ್ಟ್ ಆ್ಯಂಡ್ ಸ್ಮೂತ್‌ಲಿ’ ಅನ್ನೋದು ಸರಿಯಾದ ವಾಕ್ಯ. ಫಾಸ್ಟ್‌ಗೆ ಬಾಲ ಇಲ್ಲದಿದ್ದರೂ ಅದು ಇಲ್ಲಿ ಅಡ್ವರ್ಬ್. ಫ್ರೆಂಡ್ಲಿ, ಲವ್ಲಿ ಇದಕ್ಕೆ ಉಲ್ಟಾ, ಬಾಲ ಇದ್ದರೂ ಅಡ್ಜೆಕ್ಟಿವ್. ಹಾರ್ಡ್‌ಗೆ ಸುಮ್ನೆ ಲಿ ಸೇರಿಸಬೇಡಿ. ‘ಐ ವರ್ಕ್ ಹಾರ್ಡ್’ ಅಂದರೆ ಕಷ್ಟಪಟ್ಟು ದುಡೀತೀನಿ ಅಂತ, ‘ಐ ಹಾರ್ಡ್ಲಿ ವರ್ಕ್’ ಅಂದರೆ ಕೆಲಸ ಮಾಡೋದೇ ಕಡಿಮೆ ಅಂತ. ಇಂಟರ್‌ವ್ಯೂನಲ್ಲಿ ಇದು ಅದಲುಬದಲಾದರೆ ಕಷ್ಟ.

ಈಗ ಬಟ್ ವಿಷಯ. ಇದಕ್ಕೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನೋ ಅಧಿಕೃತ ಗುರುತು, ಸಿಕ್ಕ ಕಾಯಿ ಅದು. ಕಡುಗೆಂಪು, ಮೈಯೆಲ್ಲ ಸುಕ್ಕು. ಆ ಬಣ್ಣ ನೋಡಿದ ಹೊಸಬರು ಬಾಯಿ ಉರಿದುಹೋಗುತ್ತೆ ಅಂದುಕೊಳ್ಳುತ್ತಾರೆ. ಆದರೆ ಖಾರ ಕಡಿಮೆ, ಸಾರಿಗೆ ಬಣ್ಣ ಕೊಡೋದೇ ಅದರ ಹೆಚ್ಚುಗಾರಿಕೆ. ‘ದಿ ಬ್ಯಾಡಗಿ ಚಿಲ್ಲಿ ಈಸ್ ರೆಡ್ ಆ್ಯಂಡ್ ರಿಂಕಲ್ಡ್’ ಅನ್ನಬಹುದು, ಕೆಂಪು ಮತ್ತು ಸುಕ್ಕು ಒಂದೇ ದಾರಿಯಲ್ಲಿ ಹೋಗುವ ಗುಣಗಳು. ಖಾರದ ಮಾತು ಬಂದಾಗ ‘ರೆಡ್ ಬಟ್ ಮೈಲ್ಡ್’ ಅನ್ನಬೇಕು. ಕೇಳುವವರು ಒಂದು ಅಂದುಕೊಂಡಿರುತ್ತಾರೆ, ನೀವು ಇನ್ನೊಂದು ಹೇಳ್ತಿದ್ದೀರಿ, ಆ ತಿರುವನ್ನು ತೋರಿಸೋದೇ ಬಟ್. ಬರವಣಿಗೆಯಲ್ಲಿ ಇನ್ನಷ್ಟು ಒತ್ತು ಬೇಕಿದ್ದರೆ ಯೆಟ್ ಹಾಕಬಹುದು.

‘ಕೆಂಪಗಿದ್ದರೂ ಖಾರ ಇಲ್ಲ’ ಅಂತ ಹೇಳೋಕೆ ದೋ (though) ಇದೆ: ‘ದೋ ಇಟ್ ಈಸ್ ರೆಡ್, ಇಟ್ ಈಸ್ ನಾಟ್ ವೆರಿ ಹಾಟ್.’ ಇಲ್ಲಿ ನಡುವೆ ಬಟ್ ತುರುಕಬೇಡಿ. ಶುರುವಲ್ಲೇ ದೋ ಬಂದಾಗಿದೆ, ಒಂದು ಜೋಡಿಗೆ ಒಂದೇ ನೊಗ. ಈ ತಪ್ಪು ನಮ್ಮಲ್ಲಿ ತುಂಬಾ ಜಾಸ್ತಿ.

ಇಲ್ಲ ಅನ್ನುವಾಗ ಆ್ಯಂಡ್ ಬದಲು ಆರ್ ಬರುತ್ತದೆ. ‘ಖಾರವೂ ಇಲ್ಲ, ಹುಳಿಯೂ ಇಲ್ಲ’ ಅನ್ನೋದು ‘ಇಟ್ ಈಸ್ ನಾಟ್ ಹಾಟ್ ಆರ್ ಸವರ್’. ಇಲ್ಲವೇ ‘ಇಟ್ ಈಸ್ ನೀದರ್ ಹಾಟ್ ನಾರ್ ಸವರ್’. ಕನ್ನಡದಲ್ಲಿ ಎರಡು ಸಲ ‘ಇಲ್ಲ’ ಹೇಳ್ತೀವಿ, ಇಂಗ್ಲಿಷಿನಲ್ಲಿ ನೀದರ್ ಬಂದರೆ ಅದರ ಜೊತೆ ನಾಟ್ ಬೇಡ.

ಬೋತ್, ನಾಟ್ ಓನ್ಲಿ ಇವು ಜೋಡಿ ಶುರುವಾಗುವ ಮೊದಲೇ ಕೂರಬೇಕು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಬಗ್ಗೆ ಹೇಳೋದಾದರೆ ‘ಇಟ್ ಈಸ್ ಬೋತ್ ಲಾಂಗ್ ಆ್ಯಂಡ್ ಬಿಝಿ’. ಅಮ್ಮ ತಟ್ಟಿದ ರೊಟ್ಟಿ ‘ನಾಟ್ ಓನ್ಲಿ ಥಿನ್ ಬಟ್ ಆಲ್ಸೋ ಸಾಫ್ಟ್’. ಅಷ್ಟೇ.

ನಾಮಪದಕ್ಕಿಂತ ಮೊದಲು ಅಡ್ಜೆಕ್ಟಿವ್ ಬಂದರೆ ಎಲ್ಲ ಕಡೆ ಆ್ಯಂಡ್ ಬೇಕಿಲ್ಲ. ‘ಎ ಬಿಗ್ ರೆಡ್ ಚಿಲ್ಲಿ’ ಅಂದರೆ ಸಾಕು, ಗಾತ್ರ ಮೊದಲು, ಬಣ್ಣ ಆಮೇಲೆ. ಎರಡೂ ಬಣ್ಣವೇ ಆಗಿದ್ದರೆ ಆ್ಯಂಡ್ ಬೇಕು: ‘ಎ ಬ್ಲ್ಯಾಕ್ ಆ್ಯಂಡ್ ವೈಟ್ ಕೌ’. ಈಸ್ ಆದ ಮೇಲೆ ಮೂರು ಪದ ಬಂದರೆ ಕೊನೆಯ ಎರಡರ ನಡುವೆ ಹಾಕಿ: ‘ದಿ ಪೇಢಾ ಈಸ್ ಬ್ರೌನ್, ಸಾಫ್ಟ್ ಆ್ಯಂಡ್ ಸ್ವೀಟ್.’

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ನಾವು ಪದವನ್ನೇ ಎರಡು ಸಲ ಹೇಳ್ತೀವಿ ಅಲ್ವಾ, ಬಿಸಿ ಬಿಸಿ ಮಿರ್ಚಿ ಭಜಿ, ಮೆಲ್ಲಗೆ ಮೆಲ್ಲಗೆ ನಡಿ. ಇದನ್ನು ‘ಹಾಟ್ ಹಾಟ್’, ‘ಸ್ಲೋಲಿ ಸ್ಲೋಲಿ’ ಅಂದರೆ ಇಂಗ್ಲಿಷಿನಲ್ಲಿ ಕೂರಲ್ಲ. ಮೆಲ್ಲಗೆ ಮೆಲ್ಲಗೆಗೆ ‘ವೆರಿ ಸ್ಲೋಲಿ’ ಸಾಕು. ಬಿಸಿ ಬಿಸಿಗೆ ಅವರ ಮಾತು ‘ನೈಸ್ ಆ್ಯಂಡ್ ಹಾಟ್’. ಇಲ್ಲಿ ನೈಸ್ ಬೇರೆ ಗುಣ ಅಲ್ಲ, ಹದವಾಗಿ ಬಿಸಿ ಇದೆ ಅಂತ ಒತ್ತಿ ಹೇಳೋದು. ಹಾಟ್ ಅಂದರೆ ಖಾರ ಅಂತಲೂ ಆಗುತ್ತದೆ, ಮಿರ್ಚಿ ವಿಷಯದಲ್ಲಿ ಸ್ವಲ್ಪ ನೋಡಿಕೊಳ್ಳಿ. ಇನ್ನು ಹೆಚ್ಚಾಗುತ್ತಾ ಹೋಗುವ ಮಾತಿಗೆ ಒಂದೇ ಪದವನ್ನು ಎರಡೂ ಕಡೆ ಹೂಡಬಹುದು. ಬೇಸಿಗೆಯಲ್ಲಿ ಗದಗ ಕಡೆಯ ಎರೆಹೊಲ ನೋಡಿದ್ದೀರಾ? ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ಬೆರಳು ಹೋಗುವಷ್ಟು, ಆಮೇಲೆ ಅಂಗೈ ಇಳಿಯುವಷ್ಟು. ‘ದಿ ಕ್ರ್ಯಾಕ್ಸ್ ಗ್ರೋ ವೈಡರ್ ಆ್ಯಂಡ್ ವೈಡರ್.’

ಆ ಹುಡುಗಿಗೆ ಇಷ್ಟನ್ನೂ ಹೇಳಲಿಲ್ಲ, ಬೆರಳಿನ ಪರೀಕ್ಷೆ ಮಾತ್ರ ತೋರಿಸಿದೆ. ತಾನೇ ಮುಚ್ಚಿ ಮುಚ್ಚಿ ಓದಿ ತಿದ್ದಿದಳು: ‘ಐ ಆ್ಯಮ್ ಆನೆಸ್ಟ್ ಆ್ಯಂಡ್ ಪಂಕ್ಚುಯಲ್. ಐ ವರ್ಕ್ ಸಿನ್ಸಿಯರ್ಲಿ ಆ್ಯಂಡ್ ಕ್ವಿಕ್ಲಿ.’ ಆಮೇಲೆ ಪೆನ್ ಇಸಕೊಂಡು ಕೆಳಗೆ ಇನ್ನೊಂದು ಸಾಲು ಬರೆದಳು, ಅದರ ಮೇಲೂ ಬೆರಳಿಟ್ಟು ಎರಡು ಸಲ ಓದಿಕೊಂಡಳು: ‘ಐ ಸ್ಪೀಕ್ ಇಂಗ್ಲಿಷ್ ಸ್ಲೋಲಿ ಬಟ್ ಕ್ಲಿಯರ್ಲಿ.’