ಮೀಟಿಂಗಿಗೆ ಬಂದವರು ಸುಮ್ನೆ ಕೂತರೆ: ಮಂಗಳೂರಿನ ನಮ್ಮ ಗುಂಪಿನ ಅನುಭವ

ಮಂಗಳೂರಿನಲ್ಲಿ ನಮ್ಮದೊಂದು ಚಿಕ್ಕ ಗುಂಪು ಉಂಟು. ಟ್ರಾನ್ಸ್ ಹೆಣ್ಣುಮಕ್ಕಳು, ಅಂದರೆ ಹುಟ್ಟಿದಾಗ ಗಂಡು ಅನ್ನಿಸಿಕೊಂಡ ಹೆಣ್ಣುಗಳು, ಜಾಸ್ತಿ. ಹೆಣ್ಣು ಅನ್ನಿಸಿಕೊಂಡು ಹುಟ್ಟಿದ ಟ್ರಾನ್ಸ್ ಗಂಡುಮಕ್ಕಳು ಕಡಿಮೆ. ತಾವು ಏನೆಂದು ಇನ್ನೂ ಬಾಯಿಬಿಟ್ಟು ಹೇಳದ ಕೆಲವರೂ ಇದ್ದಾರೆ. ಬೋರ್ಡು, ಲೆಟರ್‌ಹೆಡ್ ಯಾವುದೂ ಇಲ್ಲ. ನಾನು ಹೊಲಿಗೆ ಕೆಲಸದವಳು, ಗುಂಪು ನಡೆಸಲಿಕ್ಕೆ ಎಲ್ಲೂ ಕಲಿತವಳಲ್ಲ. ಆದರೂ ಬೇರೆ ಊರಿನ ನಮ್ಮವರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ಜನ ಬರುವುದೇ ಇಲ್ಲ. ಬಂದರೂ ಸುಮ್ನೆ ಕೂತು ಹೋಗ್ತಾರೆ. ಎಂತ ಮಾಡುವುದು?" ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಾನು ಕೇಳುವುದು, ನಿಮ್ಮ ಮೀಟಿಂಗ್ ಎಷ್ಟು ಗಂಟೆಗೆ ಅಂತ. ಭಾನುವಾರ ಬೆಳಿಗ್ಗೆ 10ಕ್ಕೆ ಅನ್ನುತ್ತಾರೆ. ಆಫೀಸಿಗೆ ಹೋಗುವವರಿಗೆ ಅದು ಸರಿ. ನಮ್ಮಲ್ಲಿ ಹಲವರಿಗೆ ಭಾನುವಾರವೇ ದುಡಿಮೆಯ ದಿನ. ಮದುವೆ, ಗೃಹಪ್ರವೇಶ ಇರುವ ಕಡೆ ಬದಾಯಿಗೆ, ಅಂದರೆ ಹರಸಿ ಕಾಣಿಕೆ ಪಡೆಯಲಿಕ್ಕೆ ಹೋಗಬೇಕು. ರಾತ್ರಿ ಕೆಲಸದವರು ಆ ಹೊತ್ತಿಗೆ ಇನ್ನೂ ನಿದ್ದೆಯಲ್ಲಿರುತ್ತಾರೆ. ಹಾಗಾಗಿ ನಾವು ಬುಧವಾರ ಮಧ್ಯಾಹ್ನ ಊಟ ಆದ ಮೇಲೆ ಸೇರುತ್ತೇವೆ. ಸಂಜೆ ದೀಪ ಹಚ್ಚುವ ಮೊದಲು ಎಲ್ಲರನ್ನೂ ಬಿಟ್ಟುಬಿಡುತ್ತೇವೆ. ಅಂಗಡಿ, ಆಫೀಸಿನಲ್ಲಿ ದುಡಿಯುವವರಿಗೆ ಬುಧವಾರ ಆಗುವುದಿಲ್ಲ. ಅವರಿಗೆ ತಿಂಗಳಿಗೊಂದು ಭಾನುವಾರ ಸಂಜೆ ಪಣಂಬೂರು ಬೀಚ್. ಚುರುಮುರಿ ತಿನ್ನುತ್ತಾ ಮಾತಾಡಿದರೆ ಅದೂ ಮೀಟಿಂಗೇ.

ಜಾಗದ ಬಗ್ಗೆ ಇನ್ನೂ ಜಾಸ್ತಿ ಯೋಚಿಸಬೇಕು. ನಮ್ಮ ಕೋಣೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ತಲಪಾಡಿ, ಸುರತ್ಕಲ್, ಮೂಲ್ಕಿ, ಎಲ್ಲಿಂದ ಬಂದರೂ ಬಸ್ಸು ಅಲ್ಲಿಗೇ ಬರುತ್ತದೆ. ಕಟ್ಟಡದಲ್ಲಿ ಝೆರಾಕ್ಸ್ ಅಂಗಡಿ, ಹಲ್ಲಿನ ಡಾಕ್ಟರ್, ಟ್ಯೂಷನ್ ಕ್ಲಾಸ್ ಎಲ್ಲ ಇವೆ. ಮೆಟ್ಟಿಲು ಹತ್ತುವವರು ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಹೇಳದೆ ಬರುವ ಹುಡುಗನಿಗೆ ಇದು ದೊಡ್ಡ ವಿಷಯ. ಮತ್ತೆ ಟಾಯ್ಲೆಟ್. ಬೀಗದ ಕೈ ಕೇಳಲಿಕ್ಕೆ ವಾಚ್‌ಮನ್ ಹತ್ತಿರ ಹೋಗಬೇಕಾದ ಕಡೆ ನಮ್ಮವರು ಮೂರು ಗಂಟೆ ಕೂರುವುದಿಲ್ಲ. ಕೋಣೆ ನೋಡಲಿಕ್ಕೆ ಹೋದಾಗ ನಾನು ಮೊದಲು ನೋಡುವುದೇ ಅದನ್ನು.

ಬಸ್ಸಿನ ದುಡ್ಡು ಇನ್ನೊಂದು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರ ಜೊತೆ ನಮಗೂ ಟಿಕೆಟಿಗೆ ದುಡ್ಡು ಕೊಡಬೇಕಾಗಿಲ್ಲ. ಬೆಂಗಳೂರಿನ ಗೆಳತಿಯರು "ಇನ್ನೇನು, ಎಲ್ಲರೂ ಬರ್ತಾರಲ್ಲ" ಎಂದರು. ಅವರಿಗೆ ನಮ್ಮ ಜಿಲ್ಲೆ ಗೊತ್ತಿಲ್ಲ. ಇಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಉಡುಪಿಯಿಂದ ಬಂದು ಹೋಗುವವಳಿಗೆ ಅರ್ಧ ದಿನದ ಗಳಿಕೆಯೇ ಹೋಗಬಹುದು. ಅದಕ್ಕೆ ನಾವು ಬಂದ ಕೂಡಲೇ ಎಲ್ಲರ ಕೈಗೂ ಒಂದೊಂದು ಲಕೋಟೆ ಕೊಡುತ್ತೇವೆ. ಇದ್ದವಳಿಗೂ ಕೊಡುತ್ತೇವೆ, ಇಲ್ಲದವಳಿಗೂ ಕೊಡುತ್ತೇವೆ. ಬೇಡದವರು ಹೋಗುವಾಗ ಡಬ್ಬಿಗೆ ಹಾಕಿ ಹೋಗುತ್ತಾರೆ. "ಯಾರಿಗೆ ಬಸ್ಸಿಗೆ ದುಡ್ಡು ಬೇಕು?" ಎಂದು ಕೇಳಿ ನೋಡಿ, ಒಬ್ಬಳೂ ಕೈ ಎತ್ತುವುದಿಲ್ಲ. ಮುಂದಿನ ಸಲ ಬರುವುದೂ ಇಲ್ಲ.

ಜಮಾತ್ ಎಂದರೆ ಗುರು, ಚೇಲಾ (ಶಿಷ್ಯೆ) ಎಂದು ಕೂಡಿ ಬಾಳುವ ನಮ್ಮವರ ಕೂಟ. ಅದರಲ್ಲಿ ಇರುವವರನ್ನು ಕರೆಯುವುದಾದರೆ ಮೊದಲು ಗುರುವಿನ ಮನೆಗೆ ಹೋಗಬೇಕು. ನಾನು ಹಣ್ಣು, ಎಲೆ ಅಡಿಕೆ ಹಿಡಿದುಕೊಂಡು ಹೋದೆ. ಕಾಲಿಗೆ ಬೀಳುತ್ತೇನೆ ಎನ್ನುವ ನಮ್ಮ ನಮಸ್ಕಾರ, ಪಾಂವ್‌ಪಡ್ತಿ, ಹೇಳಿ ಕೆಳಗೆ ಕೂತೆ. ಅವರಿಗಿದ್ದ ಭಯ ನ್ಯಾಯವಾದದ್ದೇ. ಗುಂಪು ಅಂತ ಹೇಳಿ ಚೇಲಾಗಳನ್ನು ಒಡೆದುಕೊಂಡು ಹೋದರೆ? ಹೊಸ ಜಮಾತ್ ಕಟ್ಟಿದರೆ? ನಾಳೆ ಪೊಲೀಸರು ಬಂದರೆ ಯಾರು ನಿಲ್ಲುವವರು? ನಾನು ಎರಡು ಮಾತು ಕೊಟ್ಟೆ. ಮನೆಯೊಳಗಿನ ಲೆಕ್ಕ, ಜಗಳಗಳಿಗೆ ಗುಂಪು ಕೈ ಹಾಕುವುದಿಲ್ಲ. ಯಾರಿಗಾದರೂ ಹೊಡೆತ ಬಿದ್ದರೆ ಮಾತ್ರ ಸುಮ್ಮನಿರುವುದಿಲ್ಲ. ಎರಡನೆಯದಕ್ಕೆ ಅವರ ಮುಖ ಸ್ವಲ್ಪ ಗಂಟಾಯಿತು. ಆದರೂ ಇಬ್ಬರು ಚೇಲಾಗಳನ್ನು ಕಳಿಸಿದರು. ಬೇಹುಗಾರಿಕೆಗೇ ಇರಬಹುದು, ಇರಲಿ. ಆ ಇಬ್ಬರು ಹೋಗಿ ಹೇಳಿದ ಮೇಲೆಯೇ ಉಳಿದವರು ಬಂದದ್ದು. ಕಾಲೇಜು ಓದಿದ ನಮ್ಮ ಕೆಲವು ಹುಡುಗಿಯರಿಗೆ ಈ ಪದ್ಧತಿ ಕಂಡರೆ ಆಗುವುದಿಲ್ಲ. "ಗುರುವಿನ ಅಪ್ಪಣೆ ಎಂತಕ್ಕೆ?" ಎಂದು ವಾದ ಮಾಡುತ್ತಾರೆ. ವಾದ ಸರಿಯೇ. ಆದರೆ ಮನೆಯಿಂದ ಹೊರಗೆ ಬಿದ್ದ ರಾತ್ರಿ ಅನ್ನ ಹಾಕಿದ್ದು ಆ ಗುರು, ನಾನಲ್ಲ. ಅದನ್ನು ಬದಿಗಿಟ್ಟು ಇಲ್ಲಿ ಯಾವ ಗುಂಪೂ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೆ ಜನ ಬರುತ್ತಾರೆ. ಬಂದು ಸುಮ್ಮನೆ ಕೂರುತ್ತಾರೆ. ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ಸುಮ್ಮನೆ ಕೂತವರನ್ನು ಮಾತಾಡಿಸಲಿಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತೇನೆ. ಸುತ್ತು ಕೂತು "ನಿಮ್ಮ ಪರಿಚಯ ಹೇಳಿ" ಅನ್ನುವ ಕ್ರಮ ನಮ್ಮಲ್ಲಿ ಇಲ್ಲ. ಪರಿಚಯ ಎಂದರೆ ಹೆಸರು ಹೇಳಬೇಕು. ಯಾವ ಹೆಸರು? ಆಧಾರ್‌ನಲ್ಲಿ ಇರುವುದಾ, ಮನಸ್ಸಿನಲ್ಲಿ ಇರುವುದಾ? ಊರು, ಮನೆ, ಕೆಲಸ, ಒಂದೊಂದೂ ಮುಳ್ಳು. ಪೊಲೀಸ್ ಸ್ಟೇಷನ್ನಿನಲ್ಲಿ, ಆಸ್ಪತ್ರೆಯಲ್ಲಿ, ಸರ್ವೆಗೆ ಬಂದವರ ಮುಂದೆ ಜೀವಮಾನ ಇಡೀ ಪರಿಚಯ ಹೇಳಿಯೇ ಸುಸ್ತಾದವರು ನಾವು. ಇಲ್ಲಿಯೂ ಅದೇ ಆದರೆ ಯಾರು ಬರುತ್ತಾರೆ?

ಅದಕ್ಕೆ ನಾವು ಕೈಗೆ ಕೆಲಸ ಕೊಡುತ್ತೇವೆ. ಶಂಕರಪುರ ಮಲ್ಲಿಗೆಯ ರೇಟು ಇಳಿದ ದಿನ ಒಂದು ಅಟ್ಟೆ ತರಿಸುತ್ತೇವೆ. ಒಂದು ಅಟ್ಟೆ ಎಂದರೆ ಕಟ್ಟಿದ ಹೂವಿನ ನಾಲ್ಕು ಚೆಂಡು. ಬಿಚ್ಚಿ ಎಲ್ಲರ ಮುಡಿಗೆ ಆಗುವ ಹಾಗೆ ಕತ್ತರಿಸಿ ಬಾಳೆನಾರಿನಲ್ಲಿ ಮತ್ತೆ ಕಟ್ಟುವುದು. ಕಣ್ಣು ಹೂವಿನ ಮೇಲೆ ಇರುವಾಗ ಬಾಯಿ ತಾನಾಗಿ ಬಿಡುತ್ತದೆ. ನಿರ್ವಾಣದ (ಗಂಡಿನ ಅಂಗ ತೆಗೆಸುವುದರ) ನೋವು, ತಾಯಿ ಸತ್ತಾಗ ಮನೆಯೊಳಗೆ ಬಿಡದೆ ಇದ್ದದ್ದು, ಬಾಡಿಗೆ ಮನೆ ಸಿಗದ ಕಥೆ, ಇವೆಲ್ಲ ನಾನು ಕೇಳಿದ್ದು ಹೂ ಕಟ್ಟುವಾಗಲೇ. ಹೂ ಇಲ್ಲದ ದಿನ ನಾನು ಬ್ಲೌಸಿಗೆ ಹುಕ್ಕು ಹಾಕಲಿಕ್ಕೆ ಕೊಡುತ್ತೇನೆ. ನನ್ನ ಕೆಲಸವೂ ಆಗುತ್ತದೆ ಅಲ್ವಾ.

ಟ್ರಾನ್ಸ್ ಗಂಡುಮಕ್ಕಳಿಗೆ ಇದು ಹಿಡಿಸಲಿಲ್ಲ. "ಅಕ್ಕಾ, ಈ ಹೂ, ಸೂಜಿಯಿಂದ ತಪ್ಪಿಸಿಕೊಳ್ಳಲಿಕ್ಕೇ ನಾನು ಮನೆ ಬಿಟ್ಟದ್ದು" ಎಂದ ಒಬ್ಬ. ಎಲ್ಲರೂ ನಕ್ಕೆವು. ಅವರಿಗೆ ಕೇರಂ ಬೋರ್ಡು ಬಂತು. ಅವರ ಕಷ್ಟವೇ ಬೇರೆ. ಹೆಣ್ಣುಮಕ್ಕಳೆಂದು ಮನೆಯವರು ಕಾಯುತ್ತಾರೆ, ಕತ್ತಲಾಗುವ ಮೊದಲು ಒಳಗಿರಬೇಕು, ಫೋನು ಅಣ್ಣನ ಕೈಯಲ್ಲಿ. ಅವರಿಗೆ ಗುರು, ಚೇಲಾ ಅನ್ನುವ ಆಸರೆಯೂ ಇಲ್ಲ. ಹಾಗಾಗಿ ಫೋನ್ ಮಾಡುವ ಮೊದಲು ಯಾವ ಹೊತ್ತು ಸರಿ ಎಂದು ಕೇಳಿಟ್ಟುಕೊಳ್ಳುತ್ತೇವೆ. ತಾಯಿ ಎತ್ತಿದರೆ "ಹೊಲಿಗೆ ಅಂಗಡಿಯಿಂದ" ಎನ್ನುತ್ತೇನೆ. ಸುಳ್ಳು ಅಂತೂ ಅಲ್ಲ.

ಇನ್ನು ಜವಾಬ್ದಾರಿ. "ನಿನಗೆ ನಾವು ಸಹಾಯ ಮಾಡುತ್ತೇವೆ, ಬಾ" ಎಂದರೆ ನಮ್ಮವರು ಒಂದು ಸಲ ಬರುತ್ತಾರೆ. "ನೀನು ಇಲ್ಲದೆ ಈ ಕೆಲಸ ಆಗುವುದಿಲ್ಲ, ಬಾ" ಎಂದರೆ ಪ್ರತಿ ಸಲ ಬರುತ್ತಾರೆ. ಆದರೆ ಆ ಮಾತು ನಿಜ ಇರಬೇಕು. ಸುಮ್ನೆ ಸಮಾಧಾನಕ್ಕೆ ಒಂದು ಹುದ್ದೆ ಕೊಟ್ಟರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಬಾಗಿಲ ಹತ್ತಿರವೇ ಕೂರುವ ಒಬ್ಬಳಿದ್ದಳು. ರಾಯಚೂರು ಕಡೆಯವಳು. ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ನಮ್ಮ ಮೀಟಿಂಗಿನಲ್ಲಿ ತುಳು, ಕನ್ನಡ, ಬ್ಯಾರಿ, ಮಲಯಾಳ ಎಲ್ಲ ಕಲಸಿ ಓಡುತ್ತದೆ. ತುಳುವಿನಲ್ಲಿ ಜೋಕು ಹಾರಿ ಎಲ್ಲರೂ ನಕ್ಕರೆ ಘಟ್ಟದ ಮೇಲಿನವರು ಮುಖ ಮುಖ ನೋಡುತ್ತಾರೆ. ಒಂದು ದಿನ ಬಳ್ಳಾರಿಯಿಂದ ಬಂದ ಹೊಸ ಹುಡುಗಿಗೆ ಇವಳು ಮೆಲ್ಲಗೆ ಕಿವಿಯಲ್ಲಿ ಎಲ್ಲ ತಿಳಿಸಿ ಹೇಳುತ್ತಿದ್ದಳು. ಅಂಗಡಿ ಅಂಗಡಿ ಸುತ್ತಿ ತುಳು ಚೆನ್ನಾಗಿಯೇ ಕಲಿತಿದ್ದಳು! ಮುಂದಿನ ವಾರ ನಾನೇ ಹೋಗಿ ಕೇಳಿದೆ, "ಮಾರಾಯ್ತಿ, ಹೊಸಬರು ಬಂದರೆ ನೀನೇ ಪಕ್ಕದಲ್ಲಿ ಕೂರಬೇಕು, ನನಗೆ ಆಗುವುದಿಲ್ಲ." ಈಗ ಅವಳು ಬರದಿದ್ದರೆ ಹೊಸಬರು ಅವಳೆಲ್ಲಿ ಎಂದು ಕೇಳುತ್ತಾರೆ. ದೊಡ್ಡ ದನಿಯಲ್ಲಿ ಅವಳು ಇವತ್ತಿಗೂ ಮಾತಾಡುವುದಿಲ್ಲ. ಮಾತಾಡಬೇಕೆಂದು ನನಗೂ ಇಲ್ಲ.

ಇನ್ನೊಬ್ಬಳು ಓದಿದ್ದು 7ನೇ ಕ್ಲಾಸು. ಕಾಗದದ ವಿಷಯದಲ್ಲಿ ನಮ್ಮ ವಕೀಲೆ ಅವಳೇ. ನಮ್ಮನ್ನು ಮೂರನೇ ಲಿಂಗವೆಂದು ಒಪ್ಪಿದ 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು, ಟ್ರಾನ್ಸ್‌ಜೆಂಡರ್ ಹಕ್ಕುಗಳ 2019ರ ಕಾಯ್ದೆ, ಎಲ್ಲ ಬಾಯಿಪಾಠ. 2020ರ ನವೆಂಬರಿನಲ್ಲಿ ಕೇಂದ್ರದ ಪೋರ್ಟಲ್ ಶುರುವಾದ ಮೇಲೆ ಟ್ರಾನ್ಸ್‌ಜೆಂಡರ್ ಎಂದು ಗುರುತಿಸುವ ಜಿಲ್ಲಾಧಿಕಾರಿಯ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಳು. 30 ದಿನದಲ್ಲಿ ಕೊಡಬೇಕೆಂದು ಆಗಿನ ನಿಯಮ. ಅವಳದ್ದು ಅದಕ್ಕಿಂತ ತುಂಬಾ ತಡವಾಯಿತು. ಯಾವ ಮೇಜಿನಲ್ಲಿ ಫೈಲು ನಿಲ್ಲುತ್ತದೆ, ಅಫಿಡವಿಟ್ಟಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ, ಯಾವ ಹೊತ್ತಿಗೆ ಹೋದರೆ ಮಾತಾಡಿಸುತ್ತಾರೆ, ಎಲ್ಲವನ್ನೂ ಓಡಾಡಿಯೇ ಕಲಿತಳು. ಈಗ ಉಳಿದವರ ಜೊತೆ ಅವಳು ಹೋಗುತ್ತಾಳೆ. ನಮ್ಮವರಿಗೆ ರಾಜ್ಯ ಸರಕಾರ ಕೊಡುವ ಮೈತ್ರಿ ಪಿಂಚಣಿ, ರೇಷನ್ ಕಾರ್ಡು, ಬ್ಯಾಂಕ್ ಖಾತೆ, ಯಾವುದಕ್ಕೂ ಅವಳೇ. ರಾಜ್ಯ ಸರಕಾರ 2021ರಲ್ಲಿ ನಮಗೆ ಸರಕಾರಿ ಕೆಲಸಕ್ಕೆ ಶೇಕಡಾ 1ರ ಮೀಸಲಾತಿ ತಂದಾಗ ಓದಿದ ಹುಡುಗಿಯರಿಗೆ ಅದನ್ನು ವಿವರಿಸಿದ್ದೂ ಅವಳೇ. ಜೊತೆಗೆ ಹೋಗುವ ದಿನದ ಗಳಿಕೆ ತಪ್ಪುತ್ತದಲ್ಲ, ಅದಕ್ಕೆ ಡಬ್ಬಿಯಿಂದ ದುಡ್ಡು ಕೊಡುತ್ತೇವೆ. ಸೇವೆ ಅಂತ ಹೇಳಿ ಬಿಟ್ಟಿ ದುಡಿಸುವುದು ನನಗೆ ಸರಿ ಕಾಣುವುದಿಲ್ಲ.

ಡಬ್ಬಿಯ ಬೀಗ ಒಬ್ಬಳ ಹತ್ತಿರ, ಲೆಕ್ಕದ ಪುಸ್ತಕ ಇನ್ನೊಬ್ಬಳ ಹತ್ತಿರ. ಮೂರು ತಿಂಗಳಿಗೊಮ್ಮೆ ಕೈ ಬದಲು. ಇದರಿಂದ ಜಗಳ ಕಡಿಮೆಯಾಗುತ್ತದೆ ಎಂದು ತಿಳಿಯಬೇಡಿ, ಜಾಸ್ತಿಯೇ ಆಗುತ್ತದೆ. ಆದರೆ ಜಗಳ ಮಾಡಲಿಕ್ಕೂ ಬರಬೇಕಲ್ಲ!

ಯಾವುದಕ್ಕೆ ಖರ್ಚು ಎಂಬುದನ್ನು ಎಲ್ಲರೂ ಕೂತು ತೀರ್ಮಾನ ಮಾಡಬೇಕು, ಆ ತೀರ್ಮಾನ ನಡೆಯಬೇಕು. ಒಮ್ಮೆ ಮಾರ್ಚ್ 31ರ ಟ್ರಾನ್ಸ್‌ಜೆಂಡರ್ ದಿನಾಚರಣೆಗೆ ಸ್ವಲ್ಪ ದುಡ್ಡು ಕೂಡಿತ್ತು. ಬ್ಯಾನರ್ ಮಾಡಿಸಿ ಟೌನ್‌ಹಾಲ್ ಹತ್ತಿರ ನಿಲ್ಲಬೇಕೆಂದು ನನಗೆ ಆಸೆ. ಉಳಿದವರೆಲ್ಲ ಕೋರಿರೊಟ್ಟಿ ಊಟ ಎಂದರು. ಬ್ಯಾನರ್ ಹೋಯಿತು, ಕೋರಿರೊಟ್ಟಿ ಬಂತು. ಯಾವತ್ತೂ ಬರದವರು ಅವತ್ತು ಬಂದರು. ಅದರಲ್ಲಿ ಕೆಲವರು ಬುಧವಾರಕ್ಕೂ ಬರಲಿಕ್ಕೆ ಶುರು ಮಾಡಿದರು. ಬ್ಯಾನರ್ ಬೇಕಿತ್ತು ಎಂದೇ ನಾನು ಈಗಲೂ ಹೇಳುತ್ತೇನೆ. ಆದರೆ ಎಲ್ಲರಿಗೂ ಬೀದಿಗೆ ಬಂದು ನಿಲ್ಲಲಿಕ್ಕೆ ಆಗುವುದಿಲ್ಲ. ನವರಾತ್ರಿಯಲ್ಲಿ, ಉಡುಪಿಯ ಅಷ್ಟಮಿಯಲ್ಲಿ ವೇಷ ಹಾಕಿದ ಗಂಡಸರನ್ನು ನೋಡಿ ಚಪ್ಪಾಳೆ ತಟ್ಟುವ ಜನವೇ ಮಾರನೇ ದಿನ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಬಿಟ್ಟು ಏಳುತ್ತಾರೆ. ಮನೆಯವರಿಗೆ ಗೊತ್ತಿಲ್ಲದೆ ಬರುವವರನ್ನು ಮೆರವಣಿಗೆಗೆ ಎಳೆಯುವುದು ಯಾವ ನ್ಯಾಯ? ಹಿಂದೆ ನಿಂತು ಐವತ್ತು ಜನಕ್ಕೆ ಅನ್ನ ಬೇಯಿಸಿದವಳೂ ಗುಂಪಿನಲ್ಲಿ ಪೂರ್ತಿ ಸೇರಿದವಳೇ.

ಫೋಟೊದ ವಿಷಯವೂ ಹಾಗೆಯೇ. ದುಡ್ಡು ಕೊಡುವವರು ಫೋಟೊ ಕೇಳುತ್ತಾರೆ, ಸಹಿ ಇರುವ ರಿಜಿಸ್ಟರ್ ಕೇಳುತ್ತಾರೆ. ನಾವು ಚಹಾ ಗ್ಲಾಸಿನ ಫೋಟೊ ಕಳಿಸುತ್ತೇವೆ, ಹೂ ಕಟ್ಟುವ ಕೈಗಳ ಫೋಟೊ ಕಳಿಸುತ್ತೇವೆ. ಒಬ್ಬರು ದಾನಿ ಇದಕ್ಕೇ ಬೇಸರ ಮಾಡಿ ಬಿಟ್ಟು ಹೋದರು. ಹೋಗಲಿ.

ಬರದೇ ಇದ್ದವರಿಗೆ ಒಂದೇ ಒಂದು ಫೋನು. "ಯಾಕೆ ಬರಲಿಲ್ಲ?" ಎಂದು ಕೇಳುವುದಿಲ್ಲ. ಇವತ್ತು ಇಂಥದ್ದು ಆಯಿತು, ಇಂಥವಳಿಗೆ ಕಾರ್ಡು ಸಿಕ್ಕಿತು ಎಂದು ಸುದ್ದಿ ಹೇಳಿ ಇಡುತ್ತೇವೆ. ದನಿಯಲ್ಲಿ ಏನಾದರೂ ಬೇರೆ ಅನಿಸಿದರೆ ಇಬ್ಬರು ಮನೆಗೇ ಹೋಗುತ್ತಾರೆ. ಜೀವ ತೆಗೆದುಕೊಳ್ಳುವ ಮಾತು ಬಂದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಎಲ್ಲರ ಫೋನಿನಲ್ಲೂ ಉಂಟು, ಕನ್ನಡದಲ್ಲಿಯೇ ಮಾತಾಡುತ್ತಾರೆ. ಅದಕ್ಕಿಂತ ಮೊದಲು ಪಕ್ಕದಲ್ಲಿ ಯಾರಾದರೂ ಕೂರಬೇಕು.

ಉಡುಪಿಯವರು ಈಗ ತಮ್ಮದೇ ಗುಂಪು ಬೇಕು ಎನ್ನುತ್ತಿದ್ದಾರೆ. ಮಳೆಗಾಲದಲ್ಲಿ ಅಷ್ಟು ದೂರ ಬಂದು ಹೋಗುವುದು ಕಷ್ಟವೇ. ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ಕೋಣೆ ಹುಡುಕುತ್ತಿದ್ದಾರೆ. ಒಂದು ಸಿಕ್ಕಿದೆ, ಬಾಡಿಗೆಯೂ ಕಡಿಮೆ. ಟಾಯ್ಲೆಟ್ ಬೀಗದ ಕೈ ಮಾತ್ರ ಕೆಳಗಿನ ಅಂಗಡಿಯಲ್ಲಿ ಇರುತ್ತದಂತೆ. ಬೇರೆ ನೋಡಿ ಎಂದಿದ್ದೇನೆ.