ಕಿಡ್ನಿ ರೋಗಿಯ ಮೆದುಳಿನ ಎಂಆರ್‌ಐ: ನಾನು ನೋಡುವ ಬಗೆ

ಡಯಾಲಿಸಿಸ್ ರೋಗಿಯ ಮೆದುಳಿನ ಸ್ಕ್ಯಾನ್ ಬಂದರೆ ನಾನು ಮೊದಲು ತೆರೆಯುವುದು ಕೇಸ್ ಶೀಟ್. ಬಿಪಿ ಎಷ್ಟಿತ್ತು? ರಕ್ತದಲ್ಲಿ ಸೋಡಿಯಂ, ಆಮ್ಲದ ಮಟ್ಟ ತಿಳಿಸುವ ಬೈಕಾರ್ಬನೇಟ್ ಎಷ್ಟು? ಕೊನೆಯ ಡಯಾಲಿಸಿಸ್ ಯಾವಾಗ ಆಯ್ತು? ಬರೆದಿರದಿದ್ದರೆ ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ. ಈ ಅಂಕಿಗಳಿಲ್ಲದೆ ಸುಮ್ನೆ ಚಿತ್ರ ನೋಡಿ ರಿಪೋರ್ಟ್ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಒಬ್ಬರ ಸ್ಕ್ಯಾನ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸಕ್ಕರೆ ಕಾಯಿಲೆ ಇತ್ತು, ಡಯಾಲಿಸಿಸ್ ತಪ್ಪಿಸಿಕೊಂಡಿದ್ದರು. ಮಾತು ತೊದಲುತ್ತಿತ್ತು, ಕೈ ನಡುಗುತ್ತಿತ್ತು. ಸ್ಕ್ಯಾನ್ ಕೇಳಿದ ಚೀಟಿಯಲ್ಲಿ ‘ಸ್ಟ್ರೋಕ್?’ ಎಂದಿತ್ತು. ಊತವನ್ನು ಬೆಳ್ಳಗೆ ತೋರಿಸುವ ಫ್ಲೇರ್ ಎಂಬ ಎಂಆರ್‌ಐ ಚಿತ್ರದಲ್ಲಿ, ಮೆದುಳಿನ ಆಳದಲ್ಲಿ ಚಲನೆಯನ್ನು ನಿಯಂತ್ರಿಸುವ ಬೇಸಲ್ ಗ್ಯಾಂಗ್ಲಿಯಾ ಎರಡೂ ಕಡೆ ಊದಿ ಬೆಳ್ಳಗಾಗಿತ್ತು. ಅದರ ಅಂಚಿನಲ್ಲಿ ಇನ್ನೂ ಹೊಳೆಯುವ ಗೆರೆಗಳು, ಥೇಟ್ ಫೋರ್ಕ್ ಚಮಚದ ಹಲ್ಲುಗಳ ಹಾಗೆ. ಇದೇ ಲೆಂಟಿಫಾರ್ಮ್ ಫೋರ್ಕ್ ಸೈನ್, ಕಿಡ್ನಿ ಕೆಟ್ಟು ರಕ್ತದಲ್ಲಿ ಕಶ್ಮಲ, ಆಮ್ಲ ಸೇರಿದಾಗ ಕಾಣಬಹುದಾದ ಗುರುತು. ಸ್ಟ್ರೋಕ್ ಒಂದು ರಕ್ತನಾಳದ ಹರವನ್ನು ಹಿಡಿದು ಹೋಗುತ್ತದೆ, ಎಡ ಬಲ ಹೀಗೆ ಅಚ್ಚೊತ್ತಿದಂತೆ ಬರುವುದು ಅಪರೂಪ. ನೀರಿನ ಕಣಗಳ ಓಡಾಟ ತೋರಿಸುವ ಎಡಿಸಿ ಮ್ಯಾಪಿನಲ್ಲೂ ಆ ಜಾಗ ಬೆಳ್ಳಗೇ ಇತ್ತು. ಅಂದರೆ ನೀರು ಜೀವಕೋಶಗಳ ಹೊರಗೆ ಸೇರಿದೆ, ಚೇತರಿಕೆಗೆ ಅವಕಾಶ ಇದೆ. ರಕ್ತದಲ್ಲಿ ಆಮ್ಲ ಜಾಸ್ತಿಯಾಗಿತ್ತು. ರಿಪೋರ್ಟ್ ಟೈಪ್ ಆಗುವವರೆಗೂ ಕಾಯದೆ ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್‌ಗೆ ಫೋನ್ ಮಾಡಿದೆ. ಅವತ್ತೇ ಡಯಾಲಿಸಿಸ್ ಶುರುವಾಯಿತು. ಮುಂದಿನ ಸ್ಕ್ಯಾನಿನಲ್ಲಿ ಊತ ಬಹುಪಾಲು ಇಳಿದಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗೆ ಕೈಕಾಲಿನ ಬಿಗಿತ ಉಳಿದುಬಿಡುತ್ತದೆ.

ಬಿಪಿ ಏರಿ, ಫಿಟ್ಸ್ ಬಂದು, ಕಣ್ಣು ಮಂಜಾದರೆ ಯೋಚನೆ ಪ್ರೆಸ್ (PRES) ಕಡೆ, ಅಂದರೆ ಸಾಮಾನ್ಯವಾಗಿ ಇಳಿಯಬಲ್ಲ ಮೆದುಳಿನ ಊತದ ಕಡೆ ಹೋಗುತ್ತದೆ. 1996ರಲ್ಲಿ ಅದನ್ನು ವಿವರಿಸಿದಾಗ ಒತ್ತು ಇದ್ದದ್ದು ಮೆದುಳಿನ ಹಿಂಭಾಗಕ್ಕೆ. ಆದರೆ ಮುಂಭಾಗಕ್ಕೂ ಕಿರುಮೆದುಳಿಗೂ (ಸೆರೆಬೆಲ್ಲಮ್) ಹರಡಬಹುದು. ಜಾಗ ಬೇರೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಕೈಬಿಡುವುದಿಲ್ಲ. ರಕ್ತಸ್ರಾವ ಎದ್ದು ತೋರಿಸುವ ಎಸ್‌ಡಬ್ಲ್ಯುಐ ಚಿತ್ರ ಅಂತೂ ಇರಲೇಬೇಕು. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರಲ್ವಾ, ಸಣ್ಣ ರಕ್ತಸ್ರಾವ ಕಂಡರೂ ಡಯಾಲಿಸಿಸ್ ಮಾಡುವವರಿಗೆ ತಿಳಿಸಬೇಕು.

ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧಿ ಬೇಕೇ? ಇಷ್ಟಕ್ಕೆಲ್ಲ ಬೇಡ. ಅದರಲ್ಲಿರುವ ಗ್ಯಾಡೊಲಿನಿಯಂ ಲೋಹದಿಂದ ಕಿಡ್ನಿ ಕೈಕೊಟ್ಟವರ ಚರ್ಮ ಕಲ್ಲಿನಂತೆ ಗಟ್ಟಿಯಾಗಬಹುದು ಎಂಬ ನಂಟು 2006ರಲ್ಲಿ ಬೆಳಕಿಗೆ ಬಂತು. ಲೋಹವನ್ನು ಬಿಗಿಯಾಗಿ ಹಿಡಿದಿಡುವ ಈಗಿನ ಮ್ಯಾಕ್ರೋಸೈಕ್ಲಿಕ್ ಔಷಧಿಗಳಲ್ಲಿ ಆ ಅಪಾಯ ತೀರಾ ಕಡಿಮೆ. ಆದರೂ ಗಡ್ಡೆ, ಸೋಂಕಿನ ಅನುಮಾನ ಇದ್ದರಷ್ಟೇ ಕೇಳುತ್ತೇನೆ.

ಇನ್ನು ಕೆಲವರ ಸ್ಕ್ಯಾನ್ ಪೂರ್ತಿ ಸರಿ ಇರುತ್ತದೆ, ರೋಗಿ ಮಾತ್ರ ಮಂಕಾಗಿ, ಕೈಕಾಲು ಅದುರುತ್ತಾ ಮಲಗಿರುತ್ತಾರೆ. ಅಲ್ಲಿ ‘ನಾರ್ಮಲ್’ ಎಂದು ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ. ಸೆಫೆಪಿಮ್‌ನಂಥ ಆ್ಯಂಟಿಬಯೋಟಿಕ್‌ನ ಡೋಸ್ ಕಿಡ್ನಿಗೆ ತಕ್ಕಂತೆ ಇಳಿಸದಿದ್ದರೂ ಹೀಗಾಗುತ್ತದೆ. ಔಷಧಿ ಪಟ್ಟಿ ನೋಡಿ, ಮೆದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇಇಜಿ ಮಾಡಿಸಿ ಎಂದು ಕೊನೆಯ ಸಾಲಿನಲ್ಲಿ ಸೇರಿಸುತ್ತೇನೆ.